ಕಂಬಕ್ಕೆ ಕಟ್ಟಿದ ಮಲ್ಲಿಗೆ

ಮಣಿಪಾಲದ ಏರು

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆ ಎಷ್ಟು ನುಣುಪು, ಜನ ಎಷ್ಟು ಶಿಸ್ತು ಎಂದು ಹೇಳಿ ಹೇಳಿ ನಮ್ಮ ತಲೆ ತಿನ್ನುತ್ತಾರೆ. ನನಗೆ ಹೇಳಲಿಕ್ಕಿರುವುದು ಒಂದೇ ಒಂದು ರಸ್ತೆಯ ವಿಚಾರ. ಅದು ನುಣುಪಾಗಿತ್ತು, ನಿಜ. ಆದರೆ ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ನಿಂತಿತ್ತು. ಅದರ ತುದಿಯ ಮನೆಯಲ್ಲಿ ನಾವು ಸುಮಾರು ಮೂರು ತಿಂಗಳು ಇದ್ದೆವು.

ನಾವು ಅಂದರೆ ನಾನು ಮತ್ತು ನಮ್ಮವರು. ನಾನು ಕುಕ್ಕುಂದೂರಿನ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಅವರು ಉಡುಪಿ–ಕಾರ್ಕಳ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು. ಹೆಸರು ಸಂಜೀವ, ಲೈನಿನವರಿಗೆಲ್ಲ ಸಂಜೀವಣ್ಣ. ಮದುವೆಗೆ ಮೊದಲು ನಾನು ಪರ್ಕಳದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದೆ. ದಿನಾ ಅವರದೇ ಬಸ್ಸು. ಬಸ್ಸಿಡೀ ‘ಎಲ್ಲಿಗೆ? ಎಲ್ಲಿಗೆ?’ ಎಂದು ಕೇಳುತ್ತ ಬರುವ ಮನುಷ್ಯ ನನ್ನ ಸೀಟಿನ ಹತ್ತಿರ ಬಂದಾಗ ಮಾತ್ರ ಬಾಯಿ ಮುಚ್ಚುತ್ತಿದ್ದರು. ಪರ್ಕಳದಿಂದ ಕುಕ್ಕುಂದೂರಿಗೆ ಒಂದು ಟಿಕೆಟು ಮೊದಲೇ ಹರಿದು ಬೆರಳ ಸಂದಿಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಅದನ್ನು ನೋಡಿಯೇ ಊರವರು ನಮ್ಮ ಮದುವೆ ಮಾತು ತೆಗೆದದ್ದು.

ಮಗಳು ಅಶ್ವಿನಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ನರ್ಸು. ವಯಸ್ಸಾದವರ ವಾರ್ಡಿನಲ್ಲಿ ಕೆಲಸ. ‘ಆರು ತಿಂಗಳು ಬಂದು ಇರಿ, ಆದರೆ ನನ್ನ ಮನೆ ಗುಡ್ಡದ ಮೇಲೆ ಉಂಟು, ಕಾಲಿಗೆ ಅಭ್ಯಾಸ ಮಾಡಿಕೊಳ್ಳಿ’ ಎಂದಳು. ಹಾಗಾಗಿ ನಾವು ನಮ್ಮೂರು ಶಂಕರಪುರದಿಂದ ಬಸ್ಸಿನಲ್ಲಿ ಹೋಗಿ, ಇಂದ್ರಾಳಿಯಲ್ಲಿ ಇಳಿದು, ಮಣಿಪಾಲದ ಏರನ್ನು ನಡೆದು ಹತ್ತುವ ಅಭ್ಯಾಸ ಶುರು ಮಾಡಿದೆವು. ಕಾಲೇಜು ಮಕ್ಕಳು ಸ್ಕೂಟರಿನಲ್ಲಿ ಬುರ್ರೆಂದು ಹತ್ತುವಾಗ ನಾವಿಬ್ಬರು ಏದುಸಿರು ಬಿಡುತ್ತ ಬದಿಯಲ್ಲಿ ನಡೆಯುತ್ತಿದ್ದೆವು. ನಮ್ಮವರು ಉಸಿರಿನ ತಾಳಕ್ಕೆ ಸ್ಟಾಪುಗಳ ಹೆಸರು ಕೂಗುತ್ತಿದ್ದರು: ಕಲ್ಸಂಕ, ಇಂದ್ರಾಳಿ, ಮಣಿಪಾಲ, ಪರ್ಕಳ, ಆತ್ರಾಡಿ, ಹಿರಿಯಡ್ಕ, ಬೈಲೂರು, ಕುಕ್ಕುಂದೂರು, ಕಾರ್ಕಳ. ಆಗ ಒಂದೂ ತಪ್ಪುತ್ತಿರಲಿಲ್ಲ. ಅಥವಾ ತಪ್ಪಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅರವತ್ತನಾಲ್ಕು ಮೆಟ್ಟಿಲು

ವಿಮಾನ ನಿಲ್ದಾಣದಲ್ಲಿ ನನ್ನ ಒಣ ಸಿಗಡಿಯನ್ನು ಕಸಿದುಕೊಂಡರು. ಎರಡು ಪದರ ಪ್ಲಾಸ್ಟಿಕ್, ಮೇಲೆ ಹಳೆ ಪೇಪರು, ಅದರ ಮೇಲೆ ನನ್ನ ಸೀರೆ. ಆದರೂ ಅಲ್ಲಿಯ ವಾಸನೆ ಹಿಡಿಯುವ ಸಣ್ಣ ನಾಯಿ ಬಂದು ಪೆಟ್ಟಿಗೆಯ ಮುಂದೆ ಸಭ್ಯವಾಗಿ ಕುಳಿತಿತು. ಅಷ್ಟು ಮರ್ಯಾದೆಯಿಂದ ನನ್ನ ಮಾನ ಯಾರೂ ತೆಗೆದಿರಲಿಲ್ಲ.

ವೆಲಿಂಗ್ಟನ್ನಿನಲ್ಲಿ ಮನೆಗಳು ಗುಡ್ಡಕ್ಕೆ ಅಂಟಿಕೊಂಡಿವೆ. ರಸ್ತೆಯ ಬದಿಯಲ್ಲಿ ಸಾಲಾಗಿ ಲೆಟರ್ ಬಾಕ್ಸುಗಳು, ಮನೆ ನೋಡಬೇಕಾದರೆ ಕುತ್ತಿಗೆ ಎತ್ತಬೇಕು. ಅಶ್ವಿನಿಯ ಮನೆಗೆ ರಸ್ತೆಯಿಂದ ಅರವತ್ತನಾಲ್ಕು ಮೆಟ್ಟಿಲು. ಮೊದಲ ದಿನವೇ ನಮ್ಮ ದೊಡ್ಡ ಪೆಟ್ಟಿಗೆ ಕೈತಪ್ಪಿ, ಹತ್ತಿದ ಅಷ್ಟೂ ಮೆಟ್ಟಿಲನ್ನು ಒಂದೊಂದಾಗಿ ಇಳಿದು, ಲೆಟರ್ ಬಾಕ್ಸಿಗೆ ಡಿಕ್ಕಿ ಹೊಡೆದು ನಿಂತಿತು. ‘ರೈಟ್ ಪೋಯಿ’ ಎಂದರು ನಮ್ಮವರು. ಬಸ್ಸು ಹೊರಡಿಸುವಾಗ ಹೇಳುತ್ತಿದ್ದ ಮಾತು. ನಾವು ಮೂವರೂ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಪ್ರವಾಸದಲ್ಲಿ ಹಾಗೆ ನಕ್ಕದ್ದು ಅದೊಂದೇ ಸಲ ಎಂದು ಈಗ ಅನಿಸುತ್ತದೆ.

ಅಲ್ಲಿ ದಿಕ್ಕು ತಿಳಿಯುವುದಿಲ್ಲ. ನಮ್ಮಲ್ಲಿ ಸಮುದ್ರ ಇದ್ದ ಕಡೆ ಪಡುವಣ. ಕಾಪುವಿನಿಂದ ಉಡುಪಿಗೆ ಹೊರಟರೆ ಅದು ಎಡಕ್ಕೆ, ಬರುವಾಗ ಬಲಕ್ಕೆ. ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರಬಹುದು. ಅಲ್ಲಿ ಯಾವ ತಿರುವಿನಲ್ಲಿ ನಿಂತರೂ ಒಂದು ತುಂಡು ಸಮುದ್ರ ಕಾಣುತ್ತದೆ. ಸೂರ್ಯನಂತೂ ಮಧ್ಯಾಹ್ನ ಬಡಗು ದಿಕ್ಕಿನಲ್ಲಿ ನಿಂತಿರುತ್ತಾನೆ. ಕೆಳಗಿನ ಅಂಗಡಿಯಿಂದ ಹಾಲು ತರಲು ಹೋದ ನಮ್ಮವರು ಎರಡನೇ ವಾರದಲ್ಲಿ ಒಮ್ಮೆ, ಮೂರನೇ ವಾರದಲ್ಲಿ ಎರಡು ಸಲ ದಾರಿ ತಪ್ಪಿದರು. ನಾನು ಸೂರ್ಯನನ್ನು ಬೈದೆ. ಜೀವಮಾನವಿಡೀ ಒಂದೇ ಸಮುದ್ರ ನೋಡಿದವರಿಗೆ ಹೀಗಾಗದೆ ಇನ್ನೇನು ಎಂದು ಮಗಳಿಗೂ ವಿವರಿಸಿದೆ. ಶಾಲೆಯಲ್ಲಿ ದಿಕ್ಕುಗಳ ಪಾಠ ಮಾಡಿದವಳು ನಾನು, ನನ್ನ ವಿವರಣೆಯಲ್ಲಿ ಲೋಪವೇ ಇರಲಿಲ್ಲ.

ಗುರುವಾರದ ಗುಂಪು

ಕೆಳಗಿನ ಮನೆಯ ಜೋನ್ ಎಂಬಾಕೆಗೆ ಎಪ್ಪತ್ತೆಂಟು ವರ್ಷ. ಪ್ರತಿ ಗುರುವಾರ ಆಕೆ ಮತ್ತು ಆಕೆಯ ಹಾಗೆ ನಿವೃತ್ತರಾದ ಏಳೆಂಟು ಜನ ಸೇರಿ ಗುಡ್ಡದ ಒಂದೊಂದು ರಸ್ತೆಯನ್ನು ನಡೆದು ಮುಗಿಸುತ್ತಾರೆ. ಕಡಿದಾದಷ್ಟೂ ಅವರಿಗೆ ಖುಷಿ. ತುದಿಗೆ ಮುಟ್ಟಿ ಫ್ಲಾಸ್ಕಿನ ಚಹಾ ಕುಡಿದು, ಗಾಳಿಯನ್ನು ಹೊಗಳಿ, ಇಳಿದು ಬರುತ್ತಾರೆ. ನಮ್ಮನ್ನೂ ಸೇರಿಸಿಕೊಂಡರು.

ಆ ಜನ ಒಳ್ಳೆಯವರು. ಆದರೆ ಏನನ್ನೂ ಕೇಳುವುದಿಲ್ಲ. ನಮ್ಮಲ್ಲಿ ಗೇಟು ದಾಟಿದರೆ ಸಾಕು, ‘ಎಲ್ಲಿಗೆ ಹೊರಟದ್ದು?’ ‘ಎಂತ ವಿಶೇಷ?’ ‘ಮಗಳದ್ದು ಎಂತ ಆಯಿತು?’ ಎಂದು ಮೂರು ಜನ ತಡೆಯುತ್ತಾರೆ. ಆ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ನಾನು ಹಿತ್ತಿಲ ದಾರಿ ಹಿಡಿದದ್ದೂ ಉಂಟು. ಅಲ್ಲಿ ಎದುರಾದವರೆಲ್ಲ ನಗುತ್ತಾರೆ, ‘ಎಷ್ಟು ಚೆಂದದ ದಿನ’ ಎನ್ನುತ್ತಾರೆ, ಹೋಗುತ್ತಾರೆ. ಆರಂಭದಲ್ಲಿ ಅದು ನನಗೆ ದೊಡ್ಡ ಸುಖವಾಗಿ ಕಂಡಿತು.

ನಾಲ್ಕನೇ ಗುರುವಾರ ಒಂದು ಉದ್ದದ ಮೆಟ್ಟಿಲ ಸಾಲು ಹತ್ತುತ್ತಿದ್ದೆವು. ನಮ್ಮವರು ಎಂದಿನಂತೆ ಸ್ಟಾಪು ಕೂಗುತ್ತಿದ್ದರು. ‘ಇಂದ್ರಾಳಿ… ಮಣಿಪಾಲ… ಆತ್ರಾಡಿ…’

‘ಪರ್ಕಳ ಬಿಟ್ಟಿರಿ’ ಎಂದೆ.

‘ಎಂತ ಪರ್ಕಳ?’

‘ಮಣಿಪಾಲ ಆದ ಮೇಲೆ ಪರ್ಕಳ ಅಲ್ವಾ?’

ಅವರು ನಿಂತು ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದಾರೆಂದುಕೊಂಡು ಕಾದೆ. ಅವರ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ‘ನನಗೆ ರೂಟು ಕಲಿಸಲಿಕ್ಕೆ ಬರಬೇಡ ಟೀಚರೇ’ ಎಂದು ಸಿಟ್ಟಿನಿಂದ ಮುಂದೆ ಹತ್ತಿದರು. ಕಾಲ ಕೆಳಗೆ ಮೆಟ್ಟಿಲು ಗಟ್ಟಿಯಾಗಿಯೇ ಇತ್ತು, ಆದರೂ ನಾನು ಕಂಬಿ ಹಿಡಿದುಕೊಂಡೆ.

ಆ ಸಂಜೆ ಮಗಳು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ‘ಅಮ್ಮ, ಸೂರ್ಯನಿಂದ ಹಾಗೆ ಆಗುವುದಲ್ಲ. ನಾನು ದಿನಾ ವಾರ್ಡಿನಲ್ಲಿ ನೋಡುವುದು ಇದನ್ನೇ. ಅಪ್ಪನನ್ನು ಇನ್ನು ಒಬ್ಬರನ್ನೇ ಹೊರಗೆ ಬಿಡಬಾರದು.’

‘ನಿನಗೆ ಎಲ್ಲರೂ ರೋಗಿಗಳ ಹಾಗೆ ಕಾಣುವುದು’ ಎಂದೆ.

‘ಗೇಟಿಗೆ ಬೀಗ ಹಾಕಿಸುತ್ತೇನೆ.’

‘ಬೀಗ ಹಾಕಿದರೆ ಅವರು ಉಳಿಯುವುದಿಲ್ಲ ಅಶ್ವಿನಿ. ಬೆಳಿಗ್ಗೆ ಹಾಲು ತರುವುದು ಅವರ ಡ್ಯೂಟಿ. ಅದೊಂದು ಇರಲಿ.’

ಅವಳು ಒಂದು ತಿಂಗಳ ಗಡುವು ಕೊಟ್ಟಳು. ಮತ್ತೊಮ್ಮೆ ದಾರಿ ತಪ್ಪಿದರೆ ಬೀಗ. ಊರಿಗೆಲ್ಲ ದಾರಿ ತೋರಿಸಿದ ಮನುಷ್ಯ ನಾಲ್ಕು ಗೋಡೆಯ ಒಳಗೆ ಕೂರುವುದನ್ನು ನೆನೆಸಿ ನನಗೆ ಅಳು ಬಂತು. ಮಗಳ ಮುಂದೆ ಅಳಲಿಲ್ಲ, ಈರುಳ್ಳಿ ಕೊಯ್ಯಲು ಕುಳಿತೆ.

ಮೂರು ಕಂಬ

ಅಂಗಡಿಯಿಂದ ಮನೆಗೆ ಮೂರು ಕವಲು. ಮೂರರಲ್ಲೂ ಎಡಕ್ಕೆ ತಿರುಗಬೇಕು, ಮೂರರಲ್ಲೂ ಒಂದೊಂದು ದೀಪದ ಕಂಬ. ಎರಡನೇ ಕವಲಿನ ಬಳಿ ಒಬ್ಬಾತ ಬೇಲಿಯ ಮೇಲಿಂದ ಒಂದು ಬಳ್ಳಿಯನ್ನು ಕಿತ್ತೆಸೆಯುತ್ತಿದ್ದ. ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತುಬಿಟ್ಟೆ. ಮಲ್ಲಿಗೆ! ನಮ್ಮದಲ್ಲ, ಮೊಗ್ಗಿನ ಬೆನ್ನು ತುಸು ಗುಲಾಬಿ, ಎಸಳು ತೆಳು. ಆದರೂ ಮಲ್ಲಿಗೆಯೇ. ‘ಇದು ಕಳೆ, ಕಾಡನ್ನೆಲ್ಲ ನುಂಗುತ್ತದೆ’ ಎಂದ ಆತ. ಶಂಕರಪುರದಲ್ಲಿ ನಸುಕಿಗೇ ಎದ್ದು, ಬೆನ್ನು ಬಗ್ಗಿಸಿ, ಒಂದೊಂದೇ ಮೊಗ್ಗು ಕೊಯ್ದು ಬೆಳೆದವಳು ನಾನು. ಶಾಲೆಗೆ ಹೋಗುವ ಮೊದಲು ಮಾರುವ ಹೂವಿನ ಚೆಂಡು ಕಟ್ಟಿ ಮುಗಿಸದಿದ್ದರೆ ಅಮ್ಮ ತಿಂಡಿ ಕೊಡುತ್ತಿರಲಿಲ್ಲ. ಆ ಹೂವನ್ನು ಒಬ್ಬ ಕಸದ ಚೀಲಕ್ಕೆ ತುಂಬುತ್ತಿದ್ದ. ಚೀಲವನ್ನೇ ಕೇಳಿ ತಂದೆ. ಮತ್ತೆ ಬೇಕಾದರೆ ಬೇಲಿಯಿಂದಲೇ ಕೊಯ್ದುಕೊಳ್ಳಿ ಎಂದ.

ಕಟ್ಟಲು ಬಾಳೆನಾರು ಎಲ್ಲಿಂದ ತರುವುದು? ಜೋನ್ ತನ್ನ ಅಂಗಳದ, ಕತ್ತಿಯಂಥ ಎಲೆಯ ಒಂದು ಗಿಡ ತೋರಿಸಿದಳು. ಅಲ್ಲಿಯ ಮೂಲ ನಿವಾಸಿಗಳು ಅದರ ಎಲೆ ಸೀಳಿ ಚಾಪೆ, ಬುಟ್ಟಿ ಹೆಣೆಯುತ್ತಾರಂತೆ. ನಾನು ನಡುವಿನ ಎಳೆ ಎಲೆಗೆ ಕೈ ಹಾಕಿದಾಗ ತಡೆದಳು. ‘ನಡುವಿನದು ಮಗು, ಆಚೀಚೆಯ ಎರಡು ಅಪ್ಪ ಅಮ್ಮ. ಆ ಮೂರನ್ನು ಕೊಯ್ಯಬಾರದು ಎಂದು ಅವರ ಪದ್ಧತಿ. ಹೊರಗಿನವು ಅಜ್ಜ ಅಜ್ಜಿ, ಅವನ್ನು ತೆಗೆಯಬಹುದು.’ ಅಜ್ಜ ಅಜ್ಜಿಯನ್ನು ತೆಗೆಯಬಹುದು ಎಂದು ಗಿಡಕ್ಕೂ ಗೊತ್ತುಂಟು ಎಂದುಕೊಂಡು ಹೊರಗಿನ ಎರಡು ಎಲೆ ಕೊಯ್ದೆ.

ಉಗುರಿನಿಂದ ಸೀಳಿ ನಾರು ಮಾಡಿ, ಮೂರು ಮಾಲೆ ಕಟ್ಟಿ, ಮೂರು ಕಂಬಕ್ಕೂ ಕಣ್ಣಿನ ಮಟ್ಟಕ್ಕೆ ಸುತ್ತಿದೆ. ‘ಹೂ ಕಂಡಲ್ಲಿ ತಿರುಗಿ. ಬೇರೆ ಎಂತದೂ ಯೋಚನೆ ಮಾಡಬೇಡಿ’ ಎಂದು ನಮ್ಮವರಿಗೆ ಹೇಳಿದೆ.

‘ನನಗೆಂತಕ್ಕೆ ಇದೆಲ್ಲ?’

‘ನನಗೆ ದಾರಿ ಮರೆಯುತ್ತದೆ, ನನಗೋಸ್ಕರ ಕಟ್ಟಿದ್ದು.’

‘ಹಾಗಾದರೆ ಸರಿ’ ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು.

ಹನ್ನೊಂದು ದಿನ ಅವರು ಹಾಲು ತಂದರು. ಒಂದು ದಿನವೂ ತಪ್ಪಲಿಲ್ಲ. ನಾನು ದಿನ ಬಿಟ್ಟು ದಿನ ಹಳೆ ಮಾಲೆ ತೆಗೆದು ಹೊಸತು ಕಟ್ಟಿದೆ. ಮಗಳು ಬೀಗದ ಮಾತೆತ್ತಲಿಲ್ಲ. ಗೆದ್ದೆ ಎಂದುಕೊಂಡೆ.

ಯಾರೂ ಸತ್ತಿಲ್ಲ

ಹನ್ನೆರಡನೇ ದಿನ ಮಾಲೆ ಬದಲಿಸಲು ಹೋದಾಗ ಮೊದಲ ಕಂಬದ ಬುಡದಲ್ಲಿ ಗಾಜಿನ ಲೋಟದೊಳಗೆ ಮೇಣದ ಬತ್ತಿ ಇತ್ತು. ಎರಡನೆಯದರ ಬುಡದಲ್ಲಿ ಒಂದು ಹೂಗುಚ್ಛ, ಸಣ್ಣ ಕಾರ್ಡು. ‘ನಿಮ್ಮ ದುಃಖದಲ್ಲಿ ನಾವಿದ್ದೇವೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮೂರನೆಯದಕ್ಕೆ ಯಾರೋ ಬಟ್ಟೆಯ ಕರಡಿ ಒರಗಿಸಿಟ್ಟಿದ್ದರು. ಕಾರ್ಡಿನ ದುಃಖ ಯಾರದೆಂದು ಅರ್ಥವಾಗಲಿಲ್ಲ, ಅಲ್ಲಿಯ ಜನ ನನ್ನ ಹೂ ಮೆಚ್ಚಿದ್ದಾರೆ ಅಂದುಕೊಂಡು ಕರಡಿಯನ್ನು ಎತ್ತಿಕೊಂಡು ಮನೆಗೆ ಬಂದೆ.

ಜೋನ್ ಕರಡಿಯನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟಳು. ಆಮೇಲೆ ಮೆಲ್ಲ ಹೇಳಿದಳು. ಅಲ್ಲಿ ರಸ್ತೆ ಬದಿಯ ಕಂಬಕ್ಕೆ ಹೂ ಕಟ್ಟಿದರೆ, ಆ ಜಾಗದಲ್ಲಿ ಯಾರೋ ಅಪಘಾತದಲ್ಲಿ ತೀರಿಕೊಂಡಿದ್ದಾರೆ ಎಂದರ್ಥ. ಇಡೀ ರಸ್ತೆಯ ಜನ, ಮೂರು ಕವಲಿನಲ್ಲಿ ಮೂರು ಜನ ಸತ್ತಿದ್ದಾರೆಂದು ತಿಳಿದು, ಸತ್ತವರು ಯಾರೆಂದು ನಮ್ಮನ್ನು ಕೇಳುವುದು ಅಸಭ್ಯವೆಂದು ಸುಮ್ಮನಿದ್ದರಂತೆ. ನಮ್ಮಲ್ಲಿ ಮದುವಣಗಿತ್ತಿಯ ಜಡೆಗೆ ಏರುವ ಮಲ್ಲಿಗೆಯನ್ನು ನಾನು ಗಂಡ ಬದುಕಿರುವಾಗಲೇ ಅವರ ದಾರಿಯುದ್ದಕ್ಕೂ ಸಾವಿನ ಗುರುತಾಗಿ ಕಟ್ಟಿದ್ದೆ.

‘ಒಂದು ಚೀಟಿ ಅಂಟಿಸೋಣ’ ಎಂದಳು ಜೋನ್. ‘ಯಾರೂ ಸತ್ತಿಲ್ಲ, ಇದು ನಮ್ಮ ನೆರೆಯವರೊಬ್ಬರಿಗೆ ಮನೆಯ ದಾರಿ ತಿಳಿಯಲಿ ಎಂದು ಕಟ್ಟಿದ್ದು ಎಂದು ಬರೆಯೋಣ. ಆಗ ಎಲ್ಲರೂ ಅವರ ಮೇಲೆ ಕಣ್ಣಿಡುತ್ತಾರೆ.’

ನಾನು ಬೇಡ ಎಂದೆ, ಮಾಲೆಗಳನ್ನು ಹಾಗೆಯೇ ಬಿಟ್ಟೆ. ಗಂಡನಿಗೆ ಮರೆವು ಎಂದು ಕಂಬಕ್ಕೆ ಅಂಟಿಸಿ ಊರಿಗೆ ಸಾರುವುದೇ? ನಾಚಿಕೆಯಾಯಿತು. ಸತ್ತವರಿದ್ದಾರೆಂದು ಜನ ತಿಳಿಯಲಿ, ಮರೆತವರಿದ್ದಾರೆಂದು ತಿಳಿಯುವುದು ಬೇಡ. ಅಷ್ಟು ಬುದ್ಧಿ ನನ್ನದು. ಮಕ್ಕಳಿಗೆ ತಪ್ಪು ಒಪ್ಪಿಕೊಳ್ಳಿ ಎಂದು ಕಲಿಸಿದವಳ ಬುದ್ಧಿ.

ಬಂದರಿನ ದಾರಿ

ಆ ಶನಿವಾರ ಬೆಳಿಗ್ಗೆ ಗಾಳಿ ಎದ್ದಿತ್ತು. ಅಲ್ಲಿಯ ಗಾಳಿ ಕಾಪುವಿನ ಬಂಡೆಯ ಮೇಲೆ ನಿಂತರೆ ಬೀಸುವ ಗಾಳಿಯಂಥದ್ದಲ್ಲ, ಮನುಷ್ಯನನ್ನು ದೂಡಿ ಗೋಡೆಗೆ ನಿಲ್ಲಿಸುತ್ತದೆ. ಎಂಟು ಗಂಟೆಗೆ ಹಾಲಿಗೆ ಹೋದ ನಮ್ಮವರು ಒಂಬತ್ತಾದರೂ ಬರಲಿಲ್ಲ. ಕೆಳಗಿಳಿದು ನೋಡಿದರೆ ಮೊದಲ ಕಂಬ ಬೋಳು. ನನ್ನ ಮಾಲೆ ಗಾಳಿಗೆ ಹಾರಿಹೋಗಿತ್ತು, ನಾರಿನ ಗಂಟು ಮಾತ್ರ ಉಳಿದಿತ್ತು.

ಡ್ಯೂಟಿಯಲ್ಲಿದ್ದ ಮಗಳಿಗೆ ಫೋನು ಮಾಡಿದೆ, ಜೋನಳ ಬಾಗಿಲು ಬಡಿದೆ. ಗುರುವಾರದ ಗುಂಪು ಶನಿವಾರ ರಸ್ತೆಗಿಳಿಯಿತು. ಸಿಕ್ಕವರನ್ನೆಲ್ಲ ಕೇಳಿದೆವು. ನಾಯಿ ಹಿಡಿದ ಹೆಂಗಸು ನೋಡಿದ್ದಳು. ಬೇಲಿಗೆ ಬಣ್ಣ ಹಚ್ಚುವವ ನೋಡಿದ್ದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ನೋಡಿದ್ದರು. ಹಾಲಿನ ಬಾಟಲಿ ಹಿಡಿದ ವಯಸ್ಸಾದ ಮನುಷ್ಯ, ಹೌದು, ನಕ್ಕರು, ‘ಚೆಂದದ ದಿನ’ ಎಂದೆವು ಎಂದರು. ಒಬ್ಬರಾದರೂ ‘ಎಲ್ಲಿಗೆ ಹೊರಟದ್ದು ಮಾರಾಯ್ರೇ?’ ಎಂದು ಕೇಳಿದ್ದರೆ! ನಾನು ಹಿತ್ತಿಲ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತಿದ್ದ ಆ ಪ್ರಶ್ನೆಗಾಗಿ ಅಂದು ರಸ್ತೆಯಲ್ಲಿ ನಿಂತು ಬಾಯಿಬಿಟ್ಟು ಅತ್ತೆ.

ಮಧ್ಯಾಹ್ನ ಒಂದೂವರೆಗೆ ಸಿಕ್ಕಿದರು. ಬಂದರಿನ ಕಡೆಗೆ ಇಳಿಯುವ ದೊಡ್ಡ ರಸ್ತೆಯಲ್ಲಿ, ಎಡಬದಿಯ ಒಂದು ಕಂಬದ ಬುಡದಲ್ಲಿ ಕುಳಿತಿದ್ದರು. ಆ ಕಂಬಕ್ಕೆ ಬಿಳಿ ಹೂ ಕಟ್ಟಿತ್ತು. ಪಕ್ಕದಲ್ಲಿ ಅರವತ್ತರ ಆಸುಪಾಸಿನ, ದಪ್ಪ ಕೋಟಿನ ಒಬ್ಬ ಮನುಷ್ಯ ಕುಳಿತಿದ್ದ. ಇಬ್ಬರ ನಡುವೆ ಹಾಲಿನ ಬಾಟಲಿ.

ನನ್ನನ್ನು ಕಂಡು ನಮ್ಮವರು ಎದ್ದರು. ‘ಎಷ್ಟು ಹೊತ್ತು ಮಾರಾಯ್ತಿ! ಹೂ ನೋಡಿ ತಿರುಗಿದ್ದೇನೆ. ಮನೆ ಎಲ್ಲಿ ಇಟ್ಟದ್ದು ನೀನು?’

ಆ ಮನುಷ್ಯ ಟೊಪ್ಪಿ ತೆಗೆದು ನನ್ನ ಬಳಿ ಬಂದ. ಎರಡು ವರ್ಷದ ಹಿಂದೆ ಆತನ ಮಗಳು ಸೈಕಲಿನಲ್ಲಿ ಬರುವಾಗ ಅದೇ ಜಾಗದಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಳಂತೆ. ಪ್ರತಿ ಶನಿವಾರ ಬಂದು ಹೂ ಬದಲಿಸುತ್ತಾನೆ. ‘ಮೊದಲು ಬಹಳ ಜನ ಬರುತ್ತಿದ್ದರು, ಈಗ ಯಾರೂ ಬರುವುದಿಲ್ಲ’ ಎಂದ. ‘ಇವತ್ತು ಬಂದು ನೋಡಿದರೆ ಇವರು ಕುಳಿತಿದ್ದರು. ಬಿದ್ದ ಹೂವನ್ನು ಹೆಕ್ಕಿ ಕಟ್ಟುತ್ತಿದ್ದರು. ನಾನು ಅವಳ ಕಥೆಯನ್ನೆಲ್ಲ ಹೇಳಿದೆ. ಇವರು ನನ್ನ ಕೈ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು. ನನ್ನ ಮಗಳು ಇವರಿಗೆ ಹೇಗೆ ಪರಿಚಯ?’

ಏನಾದರೂ ಒಂದು ಸುಳ್ಳು ಹೇಳಿಬಿಡಬಹುದಿತ್ತು. ಅವನ ಮುಖದಲ್ಲಿ ಅಷ್ಟು ಆಸೆ ಇತ್ತು. ನನ್ನ ನಾಲಗೆಯಿಂದ ಬಂದದ್ದು ಬೇರೆ. ‘ನನ್ನ ಗಂಡನಿಗೆ ನೆನಪು ಹೋಗುತ್ತಿದೆ’ ಎಂದೆ. ‘ಹೂ ಇರುವಲ್ಲಿ ಮನೆ ಇರುತ್ತದೆ ಎಂದು ನಾನೇ ಹೇಳಿಕೊಟ್ಟದ್ದು.’ ಆ ಮಾತನ್ನು ನಾನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಹಾಗೆ, ಹೆಸರೂ ಗೊತ್ತಿಲ್ಲದ ಒಬ್ಬ ಪರದೇಶಿಯ ಹತ್ತಿರ, ಮುರುಕು ಇಂಗ್ಲಿಷಿನಲ್ಲಿ. ಆತ ಹಾಲಿನ ಬಾಟಲಿ ಎತ್ತಿ ನನ್ನ ಕೈಗೆ ಕೊಟ್ಟು, ನಮ್ಮನ್ನು ತನ್ನ ಕಾರಿನಲ್ಲಿ ಮನೆಯವರೆಗೆ ಬಿಟ್ಟುಹೋದ.

ಮೂರೂ ಕಂಬದ ಗಂಟುಗಳನ್ನು ನಾನೇ ಬಿಚ್ಚಿದೆ. ಅಶ್ವಿನಿ ಗೇಟಿಗೆ ಬೀಗ ಹಾಕಿಸಿದಳು. ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು ನನ್ನ ಹೆಗಲ ಮೇಲೆ ತಲೆಯಿಟ್ಟಳು. ಆರು ತಿಂಗಳ ವೀಸಾ ಇದ್ದ ನಾವು ಅರ್ಧಕ್ಕೇ ಹೊರಟೆವು.

ಶಂಕರಪುರ

ಮಣಿಪಾಲದಲ್ಲಿ ಡಾಕ್ಟರು ಕಾಯಿಲೆಗೆ ಹೆಸರು ಹೇಳಿದರು. ಮಗಳು ತನ್ನ ವಾರ್ಡಿನಲ್ಲಿ ದಿನಾ ನೋಡುವ ಅದೇ ಮರೆವಿನ ಕಾಯಿಲೆ.

ಊರಿಗೆ ಬಂದರೆ ಸರಿಹೋಗುತ್ತದೆ, ಸಮುದ್ರ ತನ್ನ ಜಾಗದಲ್ಲಿ ಉಂಟಲ್ಲ ಎಂದು ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿದ್ದೆ. ಆದರೆ ಅವರ ತಲೆಯಲ್ಲಿ ಬೇರೆಲ್ಲ ಅಳಿಸಿಹೋಗಿ ನಾನು ಕಲಿಸಿದ ಒಂದು ಪಾಠ ಮಾತ್ರ ಉಳಿದುಕೊಂಡಿದೆ. ಹೂ ಕಂಡಲ್ಲಿ ತಿರುಗಬೇಕು. ಶಂಕರಪುರದಲ್ಲಿ ಮಲ್ಲಿಗೆ ಗಿಡ ಇಲ್ಲದ ಅಂಗಳ ಯಾವುದು? ಗೇಟು ದಾಟಿದರೆ ಮೊದಲ ಮನೆಗೇ ತಿರುಗುತ್ತಾರೆ. ಅಲ್ಲಿಂದ ಹೊರಡಿಸಿದರೆ ಎರಡನೆಯದಕ್ಕೆ. ಆದರೆ ಇಲ್ಲಿ ಎಲ್ಲರೂ ಕೇಳುತ್ತಾರೆ, ‘ಎಲ್ಲಿಗೆ ಹೊರಟದ್ದು ಸಂಜೀವಣ್ಣ?’ ‘ಮನೆಗೆ’ ಎನ್ನುತ್ತಾರೆ ಅವರು. ಕೂರಿಸಿ, ಬೆಲ್ಲ ನೀರು ಕೊಟ್ಟು, ನನಗೆ ಹೇಳಿ ಕಳಿಸುತ್ತಾರೆ. ನಾನೀಗ ಯಾರಿಂದಲೂ ಮುಚ್ಚಿಡುವುದಿಲ್ಲ.

ಮೊನ್ನೆ ಮೂರನೇ ಮನೆಯಿಂದ ಕರೆ ಬಂತು. ಹೋದೆ. ಜಗಲಿಯಲ್ಲಿ ಹೆಂಗಸರು ಬಾಳೆನಾರು ಒದ್ದೆ ಮಾಡಿಕೊಂಡು ಹೂ ಕಟ್ಟುತ್ತಿದ್ದರು. ನಮ್ಮವರು ಬೆಂಚಿನ ಒಂದು ತುದಿಯಲ್ಲಿ ನೆಟ್ಟಗೆ ಕುಳಿತಿದ್ದರು. ನನ್ನನ್ನು ನೋಡಿದರು. ಎರಡು ಬೆರಳ ಸಂದಿಯಲ್ಲಿ ಒಂದು ತುಂಡು ನಾರು ಹಿಡಿದುಕೊಂಡಿದ್ದರು.

‘ಎಲ್ಲಿಗಮ್ಮ?’ ಎಂದು ಕೇಳಿದರು.

ಹೆಂಗಸರ ಕೈ ನಿಂತಿತು. ಇಷ್ಟು ವರ್ಷದಲ್ಲಿ ನಮ್ಮವರು ನನ್ನನ್ನು ಕೇಳದೆ ಇದ್ದ ಪ್ರಶ್ನೆ ಅದೊಂದೇ.

‘ಕುಕ್ಕುಂದೂರಿಗೆ’ ಎಂದೆ.

‘ಹತ್ತಿದ್ದು ಎಲ್ಲಿಂದ?’

‘ಪರ್ಕಳದಿಂದ.’

ಅವರು ಹೊಸ ಪ್ರಯಾಣಿಕರ ಹತ್ತಿರ ಮಾತಾಡುವ ಮರ್ಯಾದೆಯಿಂದ ಹೇಳಿದರು, ‘ಪರ್ಕಳ ಈ ರೂಟಿನಲ್ಲಿ ಇಲ್ಲಮ್ಮ.’

ಆಮೇಲೆ ಬೆಂಚಿನಲ್ಲಿ ತುಸು ಸರಿದು ಜಾಗ ಬಿಟ್ಟರು. ನಾನು ಕುಳಿತೆ.